ಪ್ರೆಗಾಬಾಲಿನ್ ಮಾತ್ರೆಯನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ, ಯಾರೇ ಹೇಳಲಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನರದ ನೋವಿಗೆ ಅಂತ ತಿಂಗಳುಗಟ್ಟಲೆ, ವರ್ಷಗಟ್ಟಲೆ ಪ್ರೆಗಾಬಾಲಿನ್ ಅಥವಾ ಗಾಬಾಪೆಂಟಿನ್ ನುಂಗುತ್ತಿದ್ದರೆ ಏಕಾಏಕಿ ನಿಲ್ಲಿಸಬೇಡಿ. ಡಾಕ್ಟರೇ "ನಿಲ್ಲಿಸಿ" ಅಂದರೂ ಎದ್ದು ಬರಬೇಡಿ. ಎಷ್ಟೆಷ್ಟು ಇಳಿಸಬೇಕು, ಎಷ್ಟು ವಾರದಲ್ಲಿ, ಅದನ್ನು ಚೀಟಿಯಲ್ಲಿ ಬರೆಸಿಕೊಂಡೇ ಏಳಿ. ನಾನು ಕೇಳಿದ್ದೆ. ಬಾಯಿಬಿಟ್ಟು ಕೇಳಿಯೂ ಮೋಸ ಹೋದೆ. ಅದಕ್ಕೇ ಇಷ್ಟು ದಿನವಾದರೂ ಸಿಟ್ಟು ಇಳಿದಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಎಡಪಕ್ಕೆಗೆ ಸರ್ಪಸುತ್ತು ಆಯಿತು. ಗುಳ್ಳೆಗಳು ಒಣಗಿ, ಕಲೆ ಮಾಸಿ, ಮೂರು ತಿಂಗಳಾದರೂ ಉರಿ ಹೋಗಲಿಲ್ಲ. ಬೆನ್ನಿನಿಂದ ಎದೆಯ ಕೆಳಗಿನವರೆಗೆ ನಾಲ್ಕು ಬೆರಳಗಲದ ಒಂದು ಪಟ್ಟಿ. ಅಷ್ಟೇ ಜಾಗ, ಅದರಾಚೆ ಒಂದಿಂಚೂ ಇಲ್ಲ. ಬಟ್ಟೆ ತಗುಲಿದರೆ ಕೆಂಡ ಸವರಿದ ಹಾಗೆ. ಈ ಪಟ್ಟಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸರ್ಪಸುತ್ತಿನ ವೈರಸ್ ನರಕ್ಕೇ ಪೆಟ್ಟು ಕೊಟ್ಟಿರುತ್ತದೆ, ಮಾಮೂಲಿ ನೋವಿನ ಮಾತ್ರೆ ಅದಕ್ಕೆ ತಾಗುವುದೇ ಇಲ್ಲ ಅಂತ ಹೇಳಿ ಪ್ರೆಗಾಬಾಲಿನ್ ಬರೆದರು. ಮೊದಲು 75 ಮಿ.ಗ್ರಾಂ. ಎರಡು ಹೊತ್ತು, ಆಮೇಲೆ 150 ಎರಡು ಹೊತ್ತು. ದಿನಕ್ಕೆ 300. ನಿಜ ಹೇಳಬೇಕು, ಅದು ನನ್ನನ್ನು ಬದುಕಿಸಿತು. ಮಾತ್ರೆಯ ಮೇಲೆ ನನಗೆ ಕೋಪವಿಲ್ಲ. ಆವತ್ತೇ ಕೇಳಿದ್ದೆ, "ಇದು ಅಭ್ಯಾಸ ಆಗಿಬಿಡುತ್ತಾ ಡಾಕ್ಟ್ರೇ?" ಅಂತ. "ಛೇ, ಛೇ, ಆ ಥರದ ಮಾತ್ರೆ ಅಲ್ಲ ಇದು, ಧೈರ್ಯವಾಗಿ ತಗೊಳ್ಳಿ" ಅಂದಿದ್ದರು.

ನಾಲ್ಕು ವರ್ಷದಲ್ಲಿ ತೂಕ ಏರಿತು, ಸಂಜೆಯಾದರೆ ಪಾದ ಊದಿಕೊಳ್ಳುತ್ತಿತ್ತು, ಮಾತಾಡುತ್ತಾ ಗೊತ್ತಿರುವ ಪದವೇ ಸಿಗದೆ ತಡವರಿಸುತ್ತಿದ್ದೆ. ಉರಿ ಮಾತ್ರ ಹೆಚ್ಚುಕಮ್ಮಿ ಹೋಗಿತ್ತು. ಇನ್ನು ಸಾಕು ಅನ್ನಿಸಿ ಅದೇ ಡಾಕ್ಟರ ಹತ್ತಿರ ಹೋದೆ.

"ನೋವಿಲ್ಲ ತಾನೆ? ಮತ್ತೆ ನಿಲ್ಲಿಸಿ."

"ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಬೇಕಾ ಡಾಕ್ಟ್ರೇ? ನಾಲ್ಕು ವರ್ಷ ಆಯ್ತಲ್ಲ."

"ಅದೇನು ನಿದ್ದೆ ಮಾತ್ರೆನಾ? ನಾಳೆಯಿಂದ ತಗೋಬೇಡಿ, ಅಷ್ಟೇ."

ಚೀಟಿಯಲ್ಲಿ ಮಾತ್ರೆಯ ಹೆಸರು ಬರೆದು ಮುಂದೆ ಒಂದೇ ಪದ: ಸ್ಟಾಪ್. ಎರಡು ನಿಮಿಷವೂ ಆಗಿರಲಿಲ್ಲ. ನಾನು ಖುಷಿಯಿಂದ ಬಂದೆ. ಅದನ್ನು ನೆನೆಸಿಕೊಂಡರೆ ಈಗಲೂ ಕಣ್ಣಲ್ಲಿ ನೀರು ಬರುತ್ತದೆ.

ಭಾನುವಾರ ರಾತ್ರಿ ಕೊನೆಯ ಕ್ಯಾಪ್ಸೂಲ್. ಸೋಮವಾರ ಏನೂ ಇಲ್ಲ. ಮಂಗಳವಾರ ಸಂಜೆ ಶುರುವಾಯಿತು. ಮೊದಲು ಅಂಗೈ ಬೆವರಿತು. ಆಮೇಲೆ ಕುತ್ತಿಗೆ, ಬೆನ್ನು, ಕಾಲು. ಮೈ ತಣ್ಣಗೆ, ಆದರೆ ಬೆವರು ಧಾರೆ. ರಾತ್ರಿ ಹೊದ್ದರೆ ಸೆಕೆ, ತೆಗೆದರೆ ನಡುಕ. ಮೂರು ಸಲ ದಿಂಬಿನ ಕವರ್ ಬದಲಾಯಿಸಿದೆ. ನಿದ್ದೆ ಬರಲಿಲ್ಲ ಅಂದರೆ ತಡವಾಗಿ ಬಂತು ಅಂತಲ್ಲ, ಕಣ್ಣೇ ಮುಚ್ಚಲಿಲ್ಲ. ಬುಧವಾರ ಭೇದಿ, ವಾಂತಿ ಬಂದ ಹಾಗೆ, ತಲೆನೋವು. ಎದೆ ಡವಡವ. ಕಾರಣವೇ ಇಲ್ಲದೆ ಏನೋ ಅನಾಹುತ ಆಗಿಬಿಡುತ್ತದೆ ಅನ್ನುವ ಭಯ. ಫೋನ್ ರಿಂಗ್ ಆದರೆ ಬೆಚ್ಚಿ ಬೀಳುತ್ತಿದ್ದೆ. ಎಡಪಕ್ಕೆಯ ಉರಿಯೂ ವಾಪಸ್ ಬಂತು, ಸುಳ್ಳು ಹೇಳಲ್ಲ. ಆದರೆ ಅದು ನನಗೆ ಗೊತ್ತಿರುವ ಶತ್ರು. ಉಳಿದದ್ದೆಲ್ಲ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಗುರುವಾರ ಫೋನ್ ಮಾಡಿದೆ. ಫೋನ್ ಎತ್ತಿದವರು ಒಳಗೆ ಕೇಳಿಕೊಂಡು ಬಂದು, "ಆ ಮಾತ್ರೆ ಬಿಟ್ಟಿದ್ದಕ್ಕೆ ಹಂಗೆಲ್ಲ ಆಗಲ್ವಂತೆ, ಏನೋ ಊಟದಲ್ಲಿ ಹೆಚ್ಚುಕಮ್ಮಿ ಆಗಿರಬೇಕು, ಟೆನ್ಶನ್ ತಗೋಬೇಡಿ" ಅಂದರು. ಶುಕ್ರವಾರ ಅಕ್ಕನ ಕೈ ಹಿಡಿದುಕೊಂಡು ನಾನೇ ಹೋದೆ.

"ನಿಮ್ಮ ಹಳೇ ನೋವು ವಾಪಸ್ ಬಂದಿದೆ. ಜೊತೆಗೆ ಟೆನ್ಶನ್."

"ಡಾಕ್ಟ್ರೇ, ನನ್ನ ನೋವು ಪಕ್ಕೆಯಲ್ಲಿ. ಇದು ಇಡೀ ಮೈ. ಭೇದಿ ಆಗ್ತಿದೆ, ಬೆವರ್ತಿದೆ. ಮಾತ್ರೆ ನಿಲ್ಲಿಸಿದ್ದಕ್ಕೇ ಅಲ್ವಾ?"

"ನರ ಇಡೀ ಮೈಯಲ್ಲೂ ಇರುತ್ತಲ್ಲ. ಗೂಗಲ್ ನೋಡಬೇಡಿ."

ಅಕ್ಕನ ಕಡೆ ತಿರುಗಿ, ನಾನಲ್ಲಿ ಕೂತೇ ಇಲ್ಲವೆಂಬಂತೆ, "ಇವರು ಸ್ವಲ್ಪ ಜಾಸ್ತಿ ಯೋಚನೆ ಮಾಡ್ತಾರೆ" ಅಂದರು. ಆತಂಕಕ್ಕೆ ಒಂದು, ಹೊಟ್ಟೆಗೆ ಒಂದು ಮಾತ್ರೆ ಬರೆದುಕೊಟ್ಟರು. ನಾನು ನಂಬಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಂಬಿದೆ. ಪಕ್ಕೆಯ ನೋವಿಗೂ ಮೈಯ ಬೆವರಿಗೂ ಸಂಬಂಧವಿಲ್ಲ ಅಂತ ನನ್ನ ಮೈಯೇ ಹೇಳುತ್ತಿದ್ದಾಗಲೂ, ನನ್ನ ತಲೆಯೇ ಸರಿ ಇಲ್ಲವೇನೋ ಅಂದುಕೊಂಡು ಮನೆಗೆ ಬಂದೆ.

ಶನಿವಾರ ರಾತ್ರಿಯ ವಿಷಯ ಅಕ್ಕನಿಗೂ ಎಷ್ಟೋ ದಿನ ಹೇಳಿರಲಿಲ್ಲ. ಎರಡು ಗಂಟೆ ಇರಬಹುದು. ಕಪಾಟಿನ ಡ್ರಾಯರುಗಳನ್ನೆಲ್ಲ ಎಳೆದು, ನೆಲದ ಮೇಲೆ ಮಂಡಿಯೂರಿ, ಹಳೇ ಸ್ಟ್ರಿಪ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಎಲ್ಲಾ ಖಾಲಿ. ಒಂದರ ಮೂಲೆಯಲ್ಲಿ ಮಾತ್ರ ಒಂದು 75ರ ಕ್ಯಾಪ್ಸೂಲ್ ಉಳಿದಿತ್ತು. ಕೈ ಎಷ್ಟು ನಡುಗುತ್ತಿತ್ತೆಂದರೆ ಒಡೆಯುವಾಗ ಮಂಚದ ಕೆಳಗೆ ಉರುಳಿಹೋಯಿತು, ತೆವಳಿ ತೆಗೆದು ನುಂಗಿದೆ. ಒಂದೂವರೆ ಗಂಟೆಯೊಳಗೆ ಬೆವರು ನಿಂತಿತು. ಎದೆ ಬಡಿತ ಇಳಿಯಿತು. ಐದು ದಿನದಲ್ಲಿ ಮೊದಲ ಸಲ ಎರಡು ಗಂಟೆ ನಿದ್ದೆ ಮಾಡಿದೆ. ಎದ್ದಾಗ ಸಮಾಧಾನವಾಗಲಿಲ್ಲ, ಅವಮಾನವಾಯಿತು. ಚಟಗಾರರ ಹಾಗೆ ನೆಲದಲ್ಲಿ ತಡಕಾಡಿದೆನಲ್ಲ ಅಂತ ಅತ್ತೆ. ಅದೇ ಸಾಕ್ಷಿ ಅಂತ ಆಗ ಹೊಳೆಯಲಿಲ್ಲ. ಬರೀ ಯೋಚನೆಯಿಂದ ಬಂದ ಬೆವರಾಗಿದ್ದರೆ ಆತಂಕದ ಮಾತ್ರೆಗೆ ಜಗ್ಗದ್ದು ಈ ಒಂದು ಕ್ಯಾಪ್ಸೂಲಿಗೆ ಯಾಕೆ ಜಗ್ಗಿತು?

ಸೋಮವಾರ ಭೇದಿಯ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದಾಗ ಫಾರ್ಮಸಿಸ್ಟ್ ಹುಡುಗಿ ನನ್ನ ಮುಖ ನೋಡಿ, "ಆಂಟಿ, ಈ ತಿಂಗಳು ಪ್ರೆಗಾಬಾಲಿನ್ ತಗೊಂಡು ಹೋಗಲೇ ಇಲ್ವಲ್ಲ, ಒಂದೇ ಸಲ ನಿಲ್ಲಿಸಿಬಿಟ್ರಾ?" ಅಂದಳು. ಹೌದು ಅಂದೆ. ಅವಳು ಪೆಟ್ಟಿಗೆಯೊಳಗಿಂದ ಮಡಿಸಿಟ್ಟ ತೆಳು ಕಾಗದ ತೆಗೆದು ಬಿಡಿಸಿದಳು. ನಾಲ್ಕು ವರ್ಷ ನನ್ನ ಕೈಗೆ ಬರೀ ಸ್ಟ್ರಿಪ್ ಬರುತ್ತಿತ್ತು, ಆ ಕಾಗದ ಕಂಡೇ ಇರಲಿಲ್ಲ. ಇರುವೆ ಸಾಲಿನಂಥ ಅಕ್ಷರಗಳ ಮಧ್ಯೆ ಉಗುರು ಇಟ್ಟು ತೋರಿಸಿದಳು. ಥಟ್ಟನೆ ನಿಲ್ಲಿಸಬಾರದು, ಕನಿಷ್ಠ 1 ವಾರವಾದರೂ ತೆಗೆದುಕೊಂಡು ಇಳಿಸಬೇಕು. ಥಟ್ಟನೆ ನಿಲ್ಲಿಸಿದರೆ ನಿದ್ದೆ ಬಾರದಿರುವುದು, ವಾಕರಿಕೆ, ತಲೆನೋವು, ಆತಂಕ, ವಿಪರೀತ ಬೆವರು, ಭೇದಿ. ನನ್ನ ಆ ವಾರದ ದಿನಚರಿಯನ್ನು ನನಗಿಂತ ಮೊದಲೇ ಯಾರೋ ಅಚ್ಚು ಹಾಕಿಸಿಟ್ಟಿದ್ದರು. ಅಂಗಡಿಯಲ್ಲೇ ಕಾಲು ಸೋತು ಕೂತುಬಿಟ್ಟೆ.

ಅವತ್ತೇ ಬೇರೆ ಡಾಕ್ಟರ ಹತ್ತಿರ ಹೋದೆ. ಇವರು ಮೊದಲು ಕಿಡ್ನಿಯ ರಿಪೋರ್ಟ್ ಕೇಳಿದರು, ಯಾಕೆಂದರೆ ಈ ಔಷಧಿ ಹೆಚ್ಚುಕಡಿಮೆ ಇದ್ದ ಹಾಗೇ ಮೂತ್ರದಲ್ಲಿ ಹೋಗುತ್ತದಂತೆ. ಮೈಯಲ್ಲಿರುವುದು ಅರ್ಧಕ್ಕೆ ಇಳಿಯಲು ಸುಮಾರು 6 ಗಂಟೆ ಸಾಕು. ಒಂದೂವರೆ ದಿನದಲ್ಲಿ ಬಹುತೇಕ ಖಾಲಿ. ಅದಕ್ಕೇ ಸೋಮವಾರ ಚೆನ್ನಾಗಿದ್ದು ಮಂಗಳವಾರ ಮಲಗಿದ್ದು. ನರದ ತುದಿಯ ಕ್ಯಾಲ್ಸಿಯಂ ದ್ವಾರಗಳಿಗೆ ಅಂಟಿಕೊಂಡು, ನರವನ್ನು ಕೆರಳಿಸುವ ರಾಸಾಯನಿಕಗಳು ಹೆಚ್ಚು ಹೊರಬರದ ಹಾಗೆ ಇದು ತಡೆಯುತ್ತದೆ, ಅದು ಪಕ್ಕೆಯ ನರಕ್ಕೆ ಮಾತ್ರ ಅಲ್ಲ, ಮಿದುಳಿಗೂ ಸೇರಿಸಿ ಅಂದರು. "ನಾಲ್ಕು ವರ್ಷದಲ್ಲಿ ಮೈ ಅದಕ್ಕೆ ಒಗ್ಗಿದೆ. ಒಗ್ಗುವುದು ಬೇರೆ, ಚಟ ಬೇರೆ. ನೀವು ತಪ್ಪು ಮಾಡಿಲ್ಲಮ್ಮ." ಆ ಒಂದು ಮಾತಿಗೆ ನಾನು ಆಯುಷ್ಯವಿಡೀ ಋಣಿ.

ಮತ್ತೆ ಮಾತ್ರೆ ಶುರು ಮಾಡಿಸಿ, ಮೈ ಹತೋಟಿಗೆ ಬಂದ ಮೇಲೆ ಎರಡು ವಾರಕ್ಕೊಮ್ಮೆ 25 ಮಿ.ಗ್ರಾಂ. ಇಳಿಸುವ ಲೆಕ್ಕ ಬರೆದುಕೊಟ್ಟರು. ಪೂರ್ತಿ ಹಾಳೆ, ದಿನಾಂಕದ ಸಮೇತ.

ಸುಮ್ಮನಿರಲಾಗಲಿಲ್ಲ. ಒಂದು ತಿಂಗಳ ಮೇಲೆ ಆ ಕಾಗದ ಹಿಡಿದುಕೊಂಡು ಮೊದಲಿನ ಡಾಕ್ಟರ ಹತ್ತಿರ ಹೋದೆ. ಜಗಳಕ್ಕಲ್ಲ, ಒಂದು "ಸಾರಿ" ಕೇಳಲು.

"ಅದರಲ್ಲಿ ಎಲ್ಲಾ ಬರೆದಿರ್ತಾರೆ ಬಿಡಿ, ಕಂಪನಿಯವರು ಕೇಸಿಗೆ ಹೆದರಿ ಬರೀತಾರೆ."

"ನನಗೆ ಅಷ್ಟೂ ಆಯ್ತಲ್ಲ ಡಾಕ್ಟ್ರೇ."

"ಫಿಟ್ಸ್ ಏನೂ ಬರಲಿಲ್ಲ ತಾನೆ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಫಿಟ್ಸ್ ಅಂತ ನಾನು ಬಾಯಿ ಬಿಟ್ಟಿರಲೇ ಇಲ್ಲ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತು. ಅಂದರೆ ಗೊತ್ತಿತ್ತು! ಗೊತ್ತಿದ್ದೇ "ನಾಳೆಯಿಂದ ತಗೋಬೇಡಿ" ಅಂದರು, ಗೊತ್ತಿದ್ದೇ "ಟೆನ್ಶನ್" ಅಂದರು, ಗೊತ್ತಿದ್ದೇ ನನ್ನ ಅಕ್ಕನ ಮುಂದೆ ನನ್ನನ್ನು ತಲೆ ಕೆಟ್ಟವಳ ಹಾಗೆ ಮಾಡಿದರು. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸುತ್ತಿದ್ದೆನೇನೋ. ಆ ಮಾತು ಕೇಳಿದ ಮೇಲೆ ನನ್ನ ಬಾಯಿಂದ ಏನೂ ಹೊರಡಲಿಲ್ಲ, ಎದ್ದು ಬಂದೆ. ಹೇಳಬೇಕಾಗಿದ್ದ ಮಾತುಗಳೆಲ್ಲ ದಾರಿಯಲ್ಲಿ ನೆನಪಾದವು.

ಇದೇನು ಯಾರಿಗೂ ತಿಳಿಯದ ಗುಟ್ಟೂ ಅಲ್ಲ. ಬ್ರಿಟನ್‌ನಲ್ಲಿ 2019ರ ಏಪ್ರಿಲ್‌ನಿಂದ ಪ್ರೆಗಾಬಾಲಿನ್, ಗಾಬಾಪೆಂಟಿನ್ ಎರಡೂ ನಿಯಂತ್ರಿತ ಔಷಧಿಗಳು. 2022ರಲ್ಲಿ ಅಲ್ಲಿನ ಡಾಕ್ಟರುಗಳಿಗೆ ಚಿಕಿತ್ಸೆಯ ದಾರಿ ಹೇಳಿಕೊಡುವ ನೈಸ್ ಅನ್ನುವ ಸರ್ಕಾರಿ ಸಂಸ್ಥೆ, ಬಿಟ್ಟಾಗ ತೊಂದರೆ ಕೊಡುವ ಔಷಧಿಗಳನ್ನು ಹೇಗೆ ಇಳಿಸಬೇಕು ಅಂತ ಮಾರ್ಗಸೂಚಿಯನ್ನೇ ತಂದಿದೆ, ಅದರಲ್ಲಿ ಇವೆರಡೂ ಇವೆ. ನರದ ನೋವಿಗೆ ಕೊಡುವ ಡುಲೋಕ್ಸೆಟಿನ್, ಟ್ರಮಡಾಲ್ ಕೂಡ ಇದೇ ಸಾಲಿನವು. ಡುಲೋಕ್ಸೆಟಿನ್ ಬಿಟ್ಟವರಿಗೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದುಂಟು.

ಮಾತ್ರೆ ನಿಲ್ಲಿಸಿದ ಒಂದೆರಡು ದಿನದಲ್ಲಿ ಹಳೇ ನೋವಿನ ಜಾಗದ ಆಚೆ ಹೊಸದೇನಾದರೂ ಶುರುವಾದರೆ, "ಹಳೇ ನೋವು" ಅನ್ನುವ ಮಾತನ್ನು ಒಪ್ಪಬೇಡಿ. ಯಾವ ದಿನ ಏನಾಯಿತು ಬರೆದಿಡಿ, ಬೇರೆ ಡಾಕ್ಟರಿಗೆ ತೋರಿಸಿ. ಫಿಟ್ಸ್ ಬಂದರೆ, ಗೊಂದಲವಾದರೆ, ಸಾಯುವ ಯೋಚನೆ ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆ. ನನ್ನ 25ರ ಲೆಕ್ಕವನ್ನು ಹಾಗೇ ನಕಲು ಮಾಡಬೇಡಿ, ಅದು ನನ್ನ ಕಿಡ್ನಿ, ನನ್ನ ಡೋಸ್ ನೋಡಿ ಹಾಕಿದ್ದು. ಮತ್ತೆ ಆ ಪೆಟ್ಟಿಗೆಯೊಳಗಿನ ಕಾಗದ ಕೇಳಿ ಇಸ್ಕೊಳ್ಳಿ, ದಯವಿಟ್ಟು.

ನಾನು ಈಗ 125ರಲ್ಲಿದ್ದೇನೆ. 200ಕ್ಕೆ ಇಳಿದಾಗ ನಿದ್ದೆ ಕೆಟ್ಟು ಅಲ್ಲೇ ನಾಲ್ಕು ವಾರ ನಿಂತಿದ್ದೆ. ಬೆವರು ಮತ್ತೆ ಬಂದಿಲ್ಲ. ನಿನ್ನೆ ರಾತ್ರಿ ಐದು ಗಂಟೆ ಮಲಗಿದೆ. ಇನ್ನು ಐದು ಮೆಟ್ಟಿಲು, ಎಲ್ಲಾ ಸರಿಹೋದರೆ ಹತ್ತು ವಾರ. ಮುಗಿದ ದಿನ ಮತ್ತೆ ಬರೆಯುತ್ತೇನೆ.