ಎಪಾಕ್ಸಿಗೆ ಯಾವ ಪುಡಿ? ಬೆಂಟೊನೈಟ್, ನ್ಯಾನೊಕ್ಲೇ, ಫ್ಯೂಮ್ಡ್ ಸಿಲಿಕಾ

ಮೊದಲೇ ಹೇಳಿಬಿಡುತ್ತೇನೆ, ಎಪಾಕ್ಸಿ ರೆಸಿನ್‌ಗೆ (ಗಟ್ಟಿಯಾಗುವ ಅಂಟು ದ್ರವ) ಬೆರೆಸುವ ಪುಡಿಗಳಲ್ಲಿ ನನ್ನ ಓಟು ನ್ಯಾನೊಕ್ಲೇಗೆ, ಅಂದರೆ ರೆಸಿನ್‌ಗೆ ಹೊಂದುವಂತೆ ಬದಲಿಸಿದ ಮಣ್ಣಿಗೆ. ಆದರೆ ನಾನು ಮೊದಲು ಕೊಂಡಿದ್ದು ಅದನ್ನಲ್ಲ. ಎಂ.ಟೆಕ್ ಪ್ರಾಜೆಕ್ಟಿಗೆ ಗ್ಲಾಸ್ ಫೈಬರ್ ಬಟ್ಟೆ ಹಾಕಿ ಎಪಾಕ್ಸಿ ಹಾಳೆ ಮಾಡಬೇಕಿತ್ತು. ಖರ್ಚು ನನ್ನ ಜೇಬಿಂದಲೇ. ಬೆಂಟೊನೈಟ್, ನ್ಯಾನೊಕ್ಲೇ ಎರಡೂ ಅದೇ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿಮಣ್ಣು ಅಲ್ವಾ ಅಂತ ಅಗ್ಗದ ಕಚ್ಚಾ ಬೆಂಟೊನೈಟ್ ತಂದೆ.

ಈ ಮಣ್ಣಿನ ಕಣ ಒಳಗೆ ಚಿರೋಟಿ ಇದ್ದ ಹಾಗೆ. ಒಂದೊಂದು ಪದರ ಸುಮಾರು 1 ನ್ಯಾನೊಮೀಟರ್ ದಪ್ಪ. ನಡುವೆ ರೆಸಿನ್ ನುಗ್ಗಿ ಪದರ ಬಿಡಿಸಿದರೆ ಮಾತ್ರ ಬಲ. ಕಚ್ಚಾ ಮಣ್ಣಿನ ಪದರಗಳ ನಡುವೆ ಸೋಡಿಯಂನಂಥ ಅಯಾನು (ವಿದ್ಯುದಂಶವಿರುವ ಕಣ) ಇರುತ್ತದೆ. ಅದಕ್ಕೆ ನೀರು ಬೇಕು, ರೆಸಿನ್ ಆಗಿಬರುವುದಿಲ್ಲ. ಎಷ್ಟು ತಿರುವಿದರೂ ಮುದ್ದೆಯಲ್ಲಿ ಉಳಿದ ಗಂಟಿನ ಹಾಗೆ ಅಲ್ಲಲ್ಲೇ ಕೂತಿತು. ಎಳೆದು ನೋಡಿದಾಗ ಗಂಟಿದ್ದ ಕಡೆಯೇ ಬಿರುಕು. ಏನೂ ಹಾಕದ ಹಾಳೆಯೇ ವಾಸಿ ಅನ್ನಿಸಿತು.

ನ್ಯಾನೊಕ್ಲೇಯಲ್ಲಿ ಸೋಡಿಯಂ ಜಾಗಕ್ಕೆ ಉದ್ದ ಬಾಲದ ಅಮೋನಿಯಂ ಅಯಾನು ಕೂರಿಸಿರುತ್ತಾರೆ. ಪದರಗಳ ಸಂದು ಅಗಲವಾಗುತ್ತದೆ, ರೆಸಿನ್ ಒಳಗೆ ಹೋಗುತ್ತದೆ.

ಫ್ಯೂಮ್ಡ್ ಸಿಲಿಕಾ ಅನ್ನೋ ಹಗುರ ನುಣ್ಣನೆ ಪುಡಿ ರೆಸಿನ್ ದಪ್ಪ ಮಾಡಲು, ಗೋಡೆಯಂಥ ಮೇಲ್ಮೈಯಲ್ಲಿ ಇಳಿಯದಂತೆ ತಡೆಯಲು ಚೆನ್ನ. ಮೂಲೆ ತುಂಬಲು ಈಗಲೂ ಬಳಸುತ್ತೇನೆ, ಅಷ್ಟೆ.

ಇನ್ನು ನನ್ನ ತಲೆ ತಿಂದಿದ್ದು ಗಾಳಿಗುಳ್ಳೆ. ನ್ಯಾನೊಕ್ಲೇ ಬಿದ್ದರೆ ರೆಸಿನ್ ದಪ್ಪವಾಗುತ್ತದೆ, ತಿರುವುವಾಗ ಸೇರಿದ ಗಾಳಿ ಹೊರಗೆ ಬರುವುದಿಲ್ಲ. ಬಿಸಿ ಮಾಡಿದರೆ ತೆಳುವಾಗಿ ಗುಳ್ಳೆ ಏಳುತ್ತದೆ. ಸರಿ, 60 ಡಿಗ್ರಿಗೆ ಕಾಯಿಸಿದೆ, ಗುಳ್ಳೆ ಹೋಯಿತು, ಖುಷಿಯಲ್ಲಿ ಹಾಗೇ ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಸುರಿದೆ. ಕೆಲವೇ ನಿಮಿಷದಲ್ಲಿ ರೆಸಿನ್ ಇದ್ದ ಕಪ್ಪಿನಿಂದ ಹೊಗೆ! ನಾನು ಬಳಸುವ ಎಲ್‌ವೈ 556 ರೆಸಿನ್‌ಗೆ 100ಕ್ಕೆ 10ರಂತೆ ಹಾಕುವ ಎಚ್‌ವೈ 951 ಹಾರ್ಡನರ್ ಕೋಣೆಯ ಬಿಸಿಗೇ ಗಟ್ಟಿ ಮಾಡುವಂಥದ್ದು. ಬಿಸಿ ರೆಸಿನ್ ಸಿಕ್ಕರೆ ಕೇಳಬೇಕೆ.

ರೆಸಿನ್ ತಣಿಸಿ ಹಾರ್ಡನರ್ ಹಾಕಿದರೆ ಮತ್ತೆ ದಪ್ಪ, ಮತ್ತೆ ಗುಳ್ಳೆ. ನಾಲ್ಕು ಹಾಳೆ ಕಸಕ್ಕೆ ಹೋದ ಮೇಲೆ ದಾರಿ ಸಿಕ್ಕಿತು. ಮಣ್ಣನ್ನು ಓವನ್‌ನಲ್ಲಿ ಒಣಗಿಸುವುದು. ಬಿಸಿ ರೆಸಿನ್‌ಗೆ ಹಾಕಿ ತಿರುವಿ, ಐಸ್ ನೀರಲ್ಲಿ ಕಪ್ಪಿಟ್ಟು ಅಲ್ಟ್ರಾಸೋನಿಕ್ ಪ್ರೋಬ್ (ಶಬ್ದದಲೆಯಿಂದ ಕದಡುವ ಕಡ್ಡಿ) ಕೊಡುವುದು. ಮತ್ತೆ ಬೆಚ್ಚಗೆ ಮಾಡಿ ವ್ಯಾಕ್ಯೂಮ್‌ನಲ್ಲಿ ಗಾಳಿ ಎಳೆಯುವುದು. ಪೂರ್ತಿ ತಣಿದ ಮೇಲೆಯೇ ಹಾರ್ಡನರ್, ಅದೂ ಮಷೀನಿನಲ್ಲಲ್ಲ, ಕೈಯಲ್ಲಿ ನಿಧಾನಕ್ಕೆ.

ಪ್ರಮಾಣ 2% ಸಾಕು. 5% ಹಾಕಿದಾಗ ಇಡ್ಲಿ ಹಿಟ್ಟಿನ ಹಾಗಾಗಿ ಬಟ್ಟೆ ನೆನೆಯಲೇ ಇಲ್ಲ. ಎಳೆತದ ಬಲ ಜಾಸ್ತಿ ಏರಲಿಲ್ಲ, ಅಲ್ಲಿ ಭಾರ ಹೊರುವುದು ಫೈಬರ್ ತಾನೇ. ಬಾಗಿಸುವ ಪರೀಕ್ಷೆಯಲ್ಲಿ ಮಾತ್ರ ಬಿಗಿ ಎದ್ದು ಕಂಡಿತು.

ನ್ಯಾನೊಕ್ಲೇಯ ಕಿಲೋ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅರ್ಧ ಕಿಲೋ ರೆಸಿನ್‌ಗೆ ಬೇಕಾಗುವುದು 10 ಗ್ರಾಂ. ನಾನು ಕೈಯಲ್ಲೇ ರೋಲರ್ ಹಿಡಿದು ಬಟ್ಟೆಗೆ ರೆಸಿನ್ ಹಚ್ಚಿ ಲೇಅಪ್ ಮಾಡುವವನು, ನನಗೆ ಇದು ಸರಿ. ವ್ಯಾಕ್ಯೂಮ್‌ನಿಂದ ಬಟ್ಟೆಯೊಳಗೆ ರೆಸಿನ್ ಹರಿಸುವವರು ಹುಷಾರು: ಬಟ್ಟೆಯೇ ಜರಡಿಯಾಗಿ ಮಣ್ಣನ್ನು ರೆಸಿನ್ ಒಳಬರುವ ಬಾಯಲ್ಲೇ ತಡೆದುಬಿಡುತ್ತದೆ.