ಊರಿಲ್ಲದ ದಂಡು: ಟೋಟಲ್ ವಾರ್ ವಾರ್‌ಹ್ಯಾಮರ್‌ನಲ್ಲಿ ಬೀಸ್ಟ್‌ಮೆನ್ ಜೊತೆ ಕಳೆದ ವರ್ಷಗಳು

ಸ್ಟ್ರಾಟಜಿ ಗೇಮು ಆಡುವವರಿಗೆಲ್ಲ ಒಂದು ಚಟ ಅಂಟಿಕೊಂಡಿರುತ್ತದೆ. ಊರು ಗೆಲ್ಲಬೇಕು, ಗೋಡೆ ಎಬ್ಬಿಸಬೇಕು, ಮ್ಯಾಪಿನ ಮೂಲೆಮೂಲೆಗೂ ನಮ್ಮ ಬಣ್ಣ ಬಳಿಯಬೇಕು. 'ಟೋಟಲ್ ವಾರ್: ವಾರ್‌ಹ್ಯಾಮರ್' ಅನ್ನುವ ಕಂಪ್ಯೂಟರ್ ಗೇಮ್ ಸರಣಿಯಲ್ಲಿ ಬೀಸ್ಟ್‌ಮೆನ್ ಪಡೆ ಹಿಡಿದು ಕೂತರೆ ಮೊದಲು ಬಿಡಬೇಕಾದದ್ದು ಆ ಚಟವನ್ನೇ. ಕೊಂಬಿನ ತಲೆ, ಗೊರಸಿನ ಕಾಲಿನ ಈ ಅಲೆಮಾರಿ ಹೋರಾಟಗಾರರಿಗೆ ರಾಜಧಾನಿ ಅನ್ನುವುದೇ ಇಲ್ಲ. ದಂಡೇ ಅವರ ಊರು. ಕಟ್ಟಿದ ಕಟ್ಟಡಗಳೆಲ್ಲ ಲಾರ್ಡ್, ಅಂದರೆ ದಂಡಿನ ನಾಯಕ, ಹೋದಲ್ಲಿ ಅವನ ಹಿಂದೆಯೇ ಬರುತ್ತವೆ. 2016ರ ಜುಲೈನಲ್ಲಿ 'ಕಾಲ್ ಆಫ್ ದಿ ಬೀಸ್ಟ್‌ಮೆನ್' ಡಿಎಲ್‌ಸಿ (ಗೇಮಿಗೆ ಬೇರೆಯಾಗಿ ಕೊಳ್ಳುವ ಸೇರ್ಪಡೆ) ಬಂದಾಗ ತೆಗೆದುಕೊಂಡೆ. ಅಲ್ಲಿಂದ ಮೂರೂ ವಾರ್‌ಹ್ಯಾಮರ್ ಗೇಮುಗಳಲ್ಲಿ ನಾನು ಮತ್ತೆಮತ್ತೆ ಮರಳಿದ್ದು ಇವರ ಹತ್ತಿರವೇ.

ಮೊದಲ ಐದು ವರ್ಷ ಪ್ರೀತಿಗಿಂತ ಹಟವೇ ಜಾಸ್ತಿ ಇತ್ತು. ಒಂದು ಪಟ್ಟಣ ಸುಟ್ಟು ಮುಂದೆ ಹೋದರೆ, ಹಿಂದಿನಿಂದ ಶತ್ರು ಬಂದು ಅದೇ ಬೂದಿಯ ಮೇಲೆ ಮತ್ತೆ ಊರು ಕಟ್ಟುತ್ತಿದ್ದ. ತಿರುಗಿ ಹೋಗಿ ಸುಡು, ಮತ್ತೆ ಮುಂದೆ ಹೋಗು. ಜೊತೆಗೆ ದಂಡಿನ ಖರ್ಚು ಟರ್ನ್ ಟರ್ನ್‌ಗೂ (ಆಟದ ಪ್ರತಿ ಸರದಿಗೂ) ಕುತ್ತಿಗೆ ಹಿಡಿಯುತ್ತಿತ್ತು. ಒಮ್ಮೆ ಬೀಸ್ಟ್‌ಮೆನ್ ಲಾರ್ಡ್ ಖಾಜ್ರಾಕ್‌ನ ದಂಡನ್ನು ಅರವತ್ತು ಟರ್ನ್ ಸಾಕಿ ಬೆಳೆಸಿ, ಎಂಪೈರ್ ಅನ್ನುವ ಮನುಷ್ಯರ ಪಡೆಯ ಎರಡು ಸೈನ್ಯಗಳ ನಡುವೆ ಸಿಕ್ಕಿಸಿ ಕಳೆದುಕೊಂಡೆ. ದಂಡು ಹೋದದ್ದೇ ತಡ, ಅದರೊಳಗಿನ ಕಟ್ಟಡಗಳೂ ಹೋದವು. ಊರುಳ್ಳ ಪಡೆಗಾದರೆ ಸೈನ್ಯ ಸತ್ತರೂ ಮನೆ ಉಳಿಯುತ್ತದೆ. ಇಲ್ಲಿ ಉಳಿದದ್ದು ಖಾಲಿ ಮ್ಯಾಪು.

2021ರ ಜುಲೈನಲ್ಲಿ 'ದಿ ಸೈಲೆನ್ಸ್ ಅಂಡ್ ದಿ ಫ್ಯೂರಿ' ಡಿಎಲ್‌ಸಿ ಬಂದ ಹೊತ್ತಿಗೆ ಈ ಪಡೆಯನ್ನು ಬುಡದಿಂದ ಬದಲಾಯಿಸಿದರು. ದಂಡಿನ ಖರ್ಚು ಪೂರ್ತಿ ಹೋಯಿತು. ಅದರ ಬದಲು ಯಾವ ಯೂನಿಟ್ (ತುಕಡಿ) ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಬಂತು. ಯುದ್ಧ ಮಾಡಿ ಗಳಿಸಿದ 'ಡ್ರೆಡ್' ಕೊಟ್ಟು ಆ ಮಿತಿ ಏರಿಸಿಕೊಳ್ಳಬೇಕು. ಆದರೆ ಆಟವನ್ನೇ ತಿರುಗಿಸಿದ್ದು ಹರ್ಡ್‌ಸ್ಟೋನ್. ಸುಟ್ಟ ಊರೊಂದರ ಮೇಲೆ ಈ ಕಲ್ಲು ನೆಟ್ಟರೆ ಸುತ್ತಲ ಸೀಮೆ 'ಬ್ಲಡ್‌ಗ್ರೌಂಡ್' ಆಗುತ್ತದೆ. ಅದರೊಳಗಿನ ಊರುಗಳನ್ನು ಒಂದೊಂದಾಗಿ ನೆಲಸಮ ಮಾಡಿ ಕೊನೆಗೆ 'ರಿಚುವಲ್ ಆಫ್ ರೂಯಿನ್' ಅನ್ನುವ ವಿಧಿ ನಡೆಸಿ, ಬಿಡಾರ ಕಿತ್ತು ಹೊರಡಬೇಕು.

ಈಗ ನಾನು ಮ್ಯಾಪು ತೆರೆದರೆ ಮೊದಲು ನೋಡುವುದು ಕಲ್ಲು ಎಲ್ಲಿ ನೆಡಲಿ ಅಂತ. ಸುತ್ತ ಊರುಗಳು ಒತ್ತಾಗಿರಬೇಕು, ಪಕ್ಕದಲ್ಲಿ ಬಲಿಷ್ಠ ಪಡೆ ಇರಬಾರದು, ಹೊರಡುವ ದಾರಿ ಒಂದಾದರೂ ತೆರೆದಿರಬೇಕು. ಶತ್ರು ಆ ಕಲ್ಲನ್ನು ಒಡೆಯಲು ಬಂದೇ ಬರುತ್ತಾನೆ, ಹಾಗಾಗಿ ಅವನು ಯಾವ ದಾರಿ ಹಿಡಿಯುತ್ತಾನೆ ಅನ್ನುವುದೂ ಮೊದಲೇ ಗೊತ್ತಾಗಿಬಿಡುತ್ತದೆ. ಕೆಲಸ ಮುಗಿದ ನೆಲದಲ್ಲಿ ಒಂದು ಟರ್ನ್ ಜಾಸ್ತಿ ನಿಂತರೂ ನಷ್ಟವೇ. ಈ 'ಹೊರಡುವ ಹೊತ್ತು' ಗುರುತಿಸುವುದನ್ನು ಇಷ್ಟು ಚೆನ್ನಾಗಿ ಕಲಿಸಿದ ಪಡೆ ನನಗೆ ಇನ್ನೊಂದು ಸಿಕ್ಕಿಲ್ಲ.

ಇವರ ನಿಜವಾದ ರುಚಿ ಇರುವುದು ಹೊಂಚಿನಲ್ಲಿ. ಬಿಡಾರ ಹೂಡಿಕೊಂಡೇ ಅಡಗಿ ಕೂರುವ ಸ್ಟ್ಯಾನ್ಸ್ (ದಂಡಿನ ನಿಲುವು) ಇವರಿಗಿದೆ. ನನ್ನ ಅಚ್ಚುಮೆಚ್ಚಿನ ಕ್ಯಾಂಪೇನಿನಲ್ಲಿ (ಮ್ಯಾಪಿನ ಮೇಲೆ ಆಡುವ ಇಡೀ ಆಟದಲ್ಲಿ) ಎಂಪೈರ್ ಕಡೆಯ ಮಿಡನ್‌ಲ್ಯಾಂಡ್ ಸೀಮೆಯ ದೊರೆ ಬೋರಿಸ್ ಟಾಡ್‌ಬ್ರಿಂಗರ್ ಹಿಂದೆ ಬಿದ್ದಿದ್ದೆ. ಖಾಜ್ರಾಕ್‌ನ ಕಣ್ಣು ಕಿತ್ತವನು ಬೋರಿಸ್, ಬೋರಿಸ್‌ನ ಕಣ್ಣು ಕಿತ್ತವನು ಖಾಜ್ರಾಕ್; ಈ ಹಗೆಯ ಮೇಲೆಯೇ ಮೊದಲ ಡಿಎಲ್‌ಸಿಯಲ್ಲಿ ಒಂದು ಪುಟ್ಟ ಕ್ಯಾಂಪೇನ್ ಇತ್ತು. ನಾಲ್ಕೈದು ಉಂಗೋರ್ (ಬೀಸ್ಟ್‌ಮೆನ್‌ಗಳಲ್ಲಿ ಸಣ್ಣವರು) ತುಕಡಿಗಳ ಬಡಕಲು ದಂಡೊಂದನ್ನು ಬಯಲಲ್ಲಿ ಕಾಣುವಂತೆ ನಿಲ್ಲಿಸಿ, ಖಾಜ್ರಾಕ್‌ನನ್ನು ಡ್ರಾಕ್‌ವಾಲ್ಡ್ ಕಾಡಿನಲ್ಲಿ ಬಚ್ಚಿಟ್ಟೆ. ಬೋರಿಸ್ ಎರೆ ಕಚ್ಚಿದ. ಯುದ್ಧ ತೆರೆದುಕೊಂಡಾಗ ಅವನ ಸೈನ್ಯ ಉದ್ದನೆಯ ಸಾಲಾಗಿ ನಡೆಯುತ್ತಿತ್ತು, ಭರ್ಚಿಯವರು ಮುಂದೆ, ಫಿರಂಗಿಗಳು ಬಾಲದಲ್ಲಿ. ಎಡದ ಮರಗಳಿಂದ ನಾಲ್ಕು ಕಾಲಿನ ಸೆಂಟಿಗೋರ್‌ಗಳು ನೇರ ಫಿರಂಗಿಗಳ ಮೇಲೆ ಬಿದ್ದವು. ಬಲದಿಂದ ಗೂಳಿತಲೆಯ ಮಿನೋಟಾರ್‌ಗಳ ಮೂರು ತುಕಡಿ ಸಾಲಿನ ನಡು ಮುರಿದವು. ಮುಂದಿದ್ದ ಭರ್ಚಿಯವರು ತಿರುಗಿ ನಿಲ್ಲುವಷ್ಟರಲ್ಲಿ ಹಿಂದಿನವರು ಓಡುತ್ತಿದ್ದರು. ಅದೇ ಸೈನ್ಯ ಎದುರಿಗೆ ಸಾಲುಗಟ್ಟಿ ನಿಂತಿದ್ದರೆ ನಾನು ಸೋಲುತ್ತಿದ್ದೆ, ಅದರಲ್ಲಿ ಅನುಮಾನವೇ ಬೇಡ.

ಯಾಕೆಂದರೆ ಇವರು ನಿಂತು ಕಾದಾಡುವವರಲ್ಲ. ಹೆಚ್ಚಿನವರ ಮೈಮೇಲೆ ಹೇಳಿಕೊಳ್ಳುವಂಥ ಕವಚವಿಲ್ಲ, ಧೈರ್ಯ ಬೇಗ ಕುಸಿಯುತ್ತದೆ, ದೂರದಿಂದ ಹೊಡೆಯುವ ಬಲ ಕಡಿಮೆ. ಬಿಲ್ಲಾಳುಗಳು ತುಂಬಿದ ಎಲ್ಫ್ ಸೈನ್ಯದ ಎದುರು ಬಯಲಿಗೆ ಇಳಿಯಲೇಬೇಡಿ. ಕಾಡು, ಬೆಟ್ಟಗಳ ಒಳಗೆ ನುಸುಳುವ 'ಬೀಸ್ಟ್ ಪಾತ್ಸ್' ಇದೆ, ಬಳಸಿಕೊಂಡು ಹಿಂದಿನಿಂದ ಹೋಗಿ.

ಲಾರ್ಡ್‌ಗಳಲ್ಲಿ ಹೊಸಬರಿಗೆ ಟಾರಾಕ್ಸ್ ಒಳ್ಳೆಯವನು. ಹಿತ್ತಾಳೆ ಮೈಯ ಗೂಳಿ. ಗೆದ್ದಷ್ಟೂ ಮೊಮೆಂಟಮ್ ಏರುತ್ತದೆ, ಅದರಿಂದ ಅದೇ ಟರ್ನ್‌ನಲ್ಲಿ ಮತ್ತೆ ನಡೆಯಬಹುದು. ನನ್ನ ಮನಸ್ಸು ಮಾತ್ರ ಖಾಜ್ರಾಕ್‌ನ ಕಡೆಗೇ.

ಒಂದು ಕೊರಗು ಉಳಿದಿದೆ. ಖರ್ಚು ತೆಗೆದುಹಾಕಿದ್ದರಿಂದ ಹಸಿವೂ ಹೋಯಿತು. ಮೊದಲು ಲೂಟಿ ಮಾಡದಿದ್ದರೆ ದಂಡು ಕರಗುತ್ತಿತ್ತು, ಅಲೆಮಾರಿಯ ಬದುಕಿನ ಆ ಭಯ ಪ್ರತಿ ಟರ್ನ್‌ನಲ್ಲೂ ಇತ್ತು. ಈಗ ಮೂವತ್ತನೇ ಟರ್ನ್‌ಗೇ ಮೂರ್ನಾಲ್ಕು ದಂಡು ತುಂಬಿ ನಿಲ್ಲುತ್ತವೆ, ಡ್ರೆಡ್ ಕೈತುಂಬ ಇರುತ್ತದೆ. ವಾರ್‌ಹ್ಯಾಮರ್ 3ರ ಇಮ್ಮಾರ್ಟಲ್ ಎಂಪೈರ್ಸ್ ಮ್ಯಾಪಿನಲ್ಲಿ ಎಂಬತ್ತು ಟರ್ನ್ ದಾಟಿದ ಮೇಲೆ ನನ್ನನ್ನು ತಡೆಯುವವರು ಕಾಣುವುದೇ ಅಪರೂಪ. ರಾಜತಾಂತ್ರಿಕತೆಯಲ್ಲೂ ಹೆಚ್ಚಿನ ಕೆಲಸವಿಲ್ಲ. ಹಾಗಾಗಿ ಡಿಫಿಕಲ್ಟಿ ಒಂದು ಮೆಟ್ಟಿಲು ಏರಿಸಿ ಆಡುತ್ತೇನೆ, ಒಂದು ಸೀಮೆಗೆ ಒಂದೇ ದಂಡು ಅಂತ ನಾನೇ ಕಟ್ಟು ಹಾಕಿಕೊಂಡಿದ್ದೇನೆ.

ಸದ್ಯ ಇನ್ನೊಬ್ಬ ಲಾರ್ಡ್ ಮಲಾಗೋರ್‌ನನ್ನು ಹಿಡಿದು 41ನೇ ಟರ್ನ್‌ನಲ್ಲಿದ್ದೇನೆ. ಬ್ಲಡ್‌ಗ್ರೌಂಡಿನಲ್ಲಿ ಒಂದೇ ಊರು ಬಾಕಿ, ಉತ್ತರದಿಂದ ಎರಡು ಸೈನ್ಯ ಕಲ್ಲಿನ ಕಡೆಗೆ ಬರುತ್ತಿವೆ. ನಾಳೆ ರಾತ್ರಿ ಕೂತಾಗ ಆ ಊರು ಸುಡುವುದೋ, ಕಾಡಿನಲ್ಲಿ ಹೊಂಚು ಹಾಕುವುದೋ ಅಂತ ಇಡೀ ದಿನ ಅದೇ ಯೋಚನೆ.