ಬ್ರೌಸರ್ ಎಕ್ಸ್‌ಟೆನ್ಷನ್‌ಗೆ ಯಾವ ಬೇಲಿ ಗಟ್ಟಿ? ಸಪ್ತಾಪುರದ ಅಂಗಡಿಯಲ್ಲಿ ಹಾಕಿ ನೋಡಿದ್ದು

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇದೆ. ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮಷಿನ್. ಸುತ್ತಮುತ್ತ ಎಲ್ಲಾ ಕೋಚಿಂಗ್ ಸೆಂಟರ್, ಬಾಡಿಗೆ ರೂಮು, ಮೆಸ್. ಕೆಪಿಎಸ್‌ಸಿ, ಪಿಎಸ್‌ಐ, ಎಫ್‌ಡಿಎ ಅಂತ ಓದಲು ಬಂದ ಹುಡುಗ ಹುಡುಗಿಯರೇ ನನ್ನ ಗಿರಾಕಿಗಳು. ಫೋಟೊ ಸಣ್ಣದು ಮಾಡಬೇಕು, ಸಹಿ ಇಷ್ಟೇ ಕೆಬಿ ಇರಬೇಕು, ಇಡೀ ಪುಟದ ಸ್ಕ್ರೀನ್‌ಶಾಟ್ ಬೇಕು. ಇದಕ್ಕೆಲ್ಲ ಬ್ರೌಸರ್‌ನಲ್ಲಿ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸುವ ಚಿಕ್ಕ ತಂತ್ರಾಂಶಗಳನ್ನು, ಹಾಕಿಟ್ಟಿದ್ದೆ. ಯಾರೋ ಮಾಡಿ ಪುಕ್ಕಟೆ ಬಿಟ್ಟಂಥವು.

ಒಂದು ದಿನ ರಾಣೆಬೆನ್ನೂರು ಕಡೆಯ ಹುಡುಗಿಯೊಬ್ಬಳು ಹಾಲ್ ಟಿಕೆಟ್ ತೆಗೆಯಲು ಕೂತಿದ್ದಳು. "ಅಣ್ಣಾ, ಇಲ್ಲಿ ಎರಡು ಡೌನ್‌ಲೋಡ್ ಬಟನ್ ಅದಾವ್ರಿ. ಯಾವುದು ಒತ್ಲಿ?" ಅಂದಳು. "ತಡಿ ತಂಗಿ, ಏನೂ ಒತ್ತಬ್ಯಾಡ" ಅಂತ ಎದ್ದು ಹೋಗಿ ನೋಡಿದೆ. ಕೆಳಗಿನದು ಇಲಾಖೆಯ ಸಣ್ಣ ಬಟನ್. ಅದರ ಮೇಲೆ ಹಸಿರು ಬಣ್ಣದ ಇನ್ನೊಂದು, ದೊಡ್ಡದು. ಅದೇ ಪುಟವನ್ನು ಪಕ್ಕದ ಕಂಪ್ಯೂಟರ್‌ನಲ್ಲಿ ತೆಗೆದರೆ ಹಸಿರು ಬಟನ್ ಇಲ್ಲ. ಒಂದೊಂದೇ ಎಕ್ಸ್‌ಟೆನ್ಷನ್ ಆಫ್ ಮಾಡುತ್ತಾ ಬಂದೆ. ಸ್ಕ್ರೀನ್‌ಶಾಟ್ ತೆಗೆಯುವುದನ್ನು ಆಫ್ ಮಾಡಿ ಪುಟ ರಿಫ್ರೆಶ್ ಮಾಡಿದಾಗ ಹಸಿರು ಬಟನ್ ಹೋಯಿತು. ಎರಡು ವರ್ಷ ನೆಟ್ಟಗಿದ್ದದ್ದು ಯಾವುದೋ ಅಪ್‌ಡೇಟ್‌ನಲ್ಲಿ ಕೆಟ್ಟಿತ್ತು. ಅಪ್‌ಡೇಟ್ ತಾನಾಗೇ ಆಗುತ್ತದೆ, ನಮ್ಮನ್ನು ಕೇಳುವುದಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ, ಇಂಥದ್ದು ಮೊದಲೂ ಆಗಿದೆ. 'ದಿ ಗ್ರೇಟ್ ಸಸ್ಪೆಂಡರ್' ಅಂತ ಕ್ರೋಮ್‌ಗೆ ಒಂದು ಎಕ್ಸ್‌ಟೆನ್ಷನ್ ಇತ್ತು. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿತ್ತು. ತುಂಬಾ ಜನ ನಂಬಿ ಹಾಕಿಕೊಂಡಿದ್ದರು. 2020ರಲ್ಲಿ ಅದು ಬೇರೆಯವರ ಕೈಗೆ ಹೋಯಿತು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ (ಕೇಡು ಮಾಡುವ ತಂತ್ರಾಂಶ) ಎಂದು ತೆಗೆದುಹಾಕಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಎಕ್ಸ್‌ಟೆನ್ಷನ್ ಪೂರ್ತಿ ಬಿಟ್ಟುಬಿಡೋಣ ಅಂದರೆ ನನ್ನ ಕೆಲಸ ನಡೆಯುವುದಿಲ್ಲ. ಹಾಗಾಗಿ ಅವನ್ನು ಬೇಲಿಯೊಳಗೆ ಇಟ್ಟು ಬಳಸುವ ದಾರಿಗಳನ್ನು ಎರಡು ತಿಂಗಳು ಒಂದೊಂದಾಗಿ ಹಾಕಿ ನೋಡಿದೆ. ಮೂರು ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಇದೆ, ಒಂದರಲ್ಲಿ ವಿಂಡೋಸ್. ಎಲ್ಲವೂ ಹಳೆಯ ಐ3. ಎರಡಕ್ಕೆ 8 ಜಿಬಿ ರ‍್ಯಾಮ್, ಎರಡಕ್ಕೆ 4 ಜಿಬಿ.

ಎಲ್ಲ ಕಡೆ ಒಂದೇ ಅಳತೆ ಇರಲಿ ಅಂತ ಎರಡು ಪರೀಕ್ಷೆ ಇಟ್ಟುಕೊಂಡೆ. ಮೊದಲನೆಯದು ಸುಲಭ. ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ನನ್ನ ಹೋಮ್ ಫೋಲ್ಡರ್‌ನ ದಾರಿ ಬರೆದು ಎಂಟರ್ ಒತ್ತುವುದು. ಏನೇನು ಕಾಣುತ್ತದೆ ಅನ್ನುವುದೇ ಉತ್ತರ. ಸಾಮಾನ್ಯ ಫೈರ್‌ಫಾಕ್ಸ್‌ನಲ್ಲಿ ಎಲ್ಲವೂ ಕಂಡಿತು. ಗಿರಾಕಿಗಳ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರದ ಸ್ಕ್ಯಾನ್ ಇರುವ ಫೋಲ್ಡರ್ ಕೂಡ. ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಎರಡನೆಯದಕ್ಕೆ ನಾನೇ ಹತ್ತು ಹನ್ನೆರಡು ಸಾಲಿನ ಒಂದು ಚಿಕ್ಕ ಎಕ್ಸ್‌ಟೆನ್ಷನ್ ಬರೆದೆ. ಎಲ್ಲ ಜಾಲತಾಣಗಳನ್ನೂ ಓದಿ ಬದಲಿಸುವ ಅನುಮತಿ ಅದಕ್ಕೆ ಕೊಟ್ಟೆ. ಮಾಡುವುದು ಇಷ್ಟೇ. ಪುಟದ ಯಾವುದೇ ಖಾನೆಯಲ್ಲಿ ಟೈಪ್ ಮಾಡಿದ್ದನ್ನು ಓದಿ, ಮೇಲ್ಗಡೆ ಒಂದು ಕೆಂಪು ಪಟ್ಟಿಯಲ್ಲಿ ತೋರಿಸುವುದು. ಪಾಸ್‌ವರ್ಡ್ ಖಾನೆಯಲ್ಲಿ ನಮಗೆ ಚುಕ್ಕಿ ಕಾಣುತ್ತದೆ, ಪಟ್ಟಿಯಲ್ಲಿ ಅಕ್ಷರವೇ ಬರುತ್ತದೆ. ಎಲ್ಲೂ ಕಳಿಸುವುದಿಲ್ಲ, ಬರೀ ತೋರಿಸುತ್ತದೆ. ಬೇಲಿ ಹಾಕಿದ ಮೇಲೂ ಕೆಂಪು ಪಟ್ಟಿ ಬಂದರೆ, ಆ ಬೇಲಿ ಪಾಸ್‌ವರ್ಡ್ ಕಾಯುತ್ತಿಲ್ಲ ಅಂತ ಅರ್ಥ.

ಮೊದಲು ಫ್ಲಾಟ್‌ಪ್ಯಾಕ್ ನೋಡಿದೆ. ತಂತ್ರಾಂಶವನ್ನು ನಮ್ಮ ಫೈಲ್‌ಗಳಿಂದ ಬೇರೆಯಾಗಿ, 'ಸ್ಯಾಂಡ್‌ಬಾಕ್ಸ್' ಅನ್ನುವ ಬೇಲಿಯೊಳಗೆ ಓಡಿಸುವ ಪದ್ಧತಿ ಅದು, ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತದೆ. ಮೊದಲ ಸಲ ನೂರಾರು ಎಂಬಿ ಇಳಿಯುತ್ತದೆ, ಆಮೇಲೆ ತೊಂದರೆ ಇಲ್ಲ. ಅದರೊಳಗಿನ ಫೈರ್‌ಫಾಕ್ಸ್‌ನಲ್ಲಿ ಮೊದಲ ಪರೀಕ್ಷೆ ಮಾಡಿದಾಗ ಖುಷಿಯಾಯಿತು. ನನ್ನ ಫೈಲ್‌ಗಳ ಪೈಕಿ ಡೌನ್‌ಲೋಡ್ಸ್ ಫೋಲ್ಡರ್ ಒಂದೇ ಕಂಡಿತು. ಸ್ಕ್ಯಾನ್ ಫೋಲ್ಡರ್ ಇಲ್ಲವೇ ಇಲ್ಲ. ಅರ್ಜಿಗೆ ಫೋಟೊ ಹಾಕುವಾಗ ಮಾತ್ರ ಫೈಲ್ ಆರಿಸುವ ಕಿಟಕಿ ಬರುತ್ತದೆ, ನಾವು ಆರಿಸಿದ ಒಂದು ಫೈಲ್ ಮಾತ್ರ ಒಳಗೆ ಹೋಗುತ್ತದೆ. ಫ್ಲಾಟ್‌ಸೀಲ್ ಅನ್ನುವ ಚಿಕ್ಕ ಆ್ಯಪ್‌ನಲ್ಲಿ ಈ ಅನುಮತಿಗಳನ್ನು ಒಂದೊಂದಾಗಿ ಆನ್ ಆಫ್ ಮಾಡಬಹುದು.

ಆಮೇಲೆ ನನ್ನ ಎಕ್ಸ್‌ಟೆನ್ಷನ್ ಹಾಕಿದೆ. ನನ್ನದೇ ಹಳೆಯ ಮೇಲ್ ಖಾತೆಗೆ ಲಾಗಿನ್ ಆಗಲು ಹೋದೆ. ಕೆಂಪು ಪಟ್ಟಿಯಲ್ಲಿ ಪಾಸ್‌ವರ್ಡ್ ಅಚ್ಚುಕಟ್ಟಾಗಿ ಬಂತು.

ಅಲ್ಲಿಗೆ ನನಗೆ ವಿಷಯ ಅರ್ಥವಾಯಿತು. ಸ್ಯಾಂಡ್‌ಬಾಕ್ಸ್ ಅನ್ನುವುದು ಮನೆಯ ಸುತ್ತಲಿನ ಗೋಡೆ. ಎಕ್ಸ್‌ಟೆನ್ಷನ್ ಇರುವುದು ಮನೆಯೊಳಗೆ, ತಿಜೋರಿ ಪಕ್ಕದಲ್ಲೇ. ಗೋಡೆ ಎಷ್ಟು ಎತ್ತರ ಕಟ್ಟಿದರೂ ಒಳಗಿನವನಿಗೆ ತಿಜೋರಿ ಸಿಗುತ್ತದೆ. ಅಂದರೆ ಕೇಳಬೇಕಾದ ಪ್ರಶ್ನೆ ಬೇರೆ: ಆ ಎಕ್ಸ್‌ಟೆನ್ಷನ್ ಇರುವ ಬ್ರೌಸರ್‌ನಲ್ಲಿ ಇನ್ನೇನೇನು ಲಾಗಿನ್ ಆಗಿದೆ?

ಈ ಗೋಡೆಯ ಯೋಚನೆ ಹಳೆಯ ಪ್ಲಗಿನ್‌ಗಳ ಕಾಲಕ್ಕೆ ಸರಿಯಾಗಿತ್ತು. ಫ್ಲ್ಯಾಶ್, ಜಾವಾ ಪ್ಲಗಿನ್ ಇವೆಲ್ಲ ಬ್ರೌಸರ್‌ಗೆ ಅಂಟಿಕೊಂಡ ಪೂರ್ತಿ ತಂತ್ರಾಂಶಗಳು. ನಾವು ಓದಬಹುದಾದ ಯಾವ ಫೈಲನ್ನೂ ಅವು ಓದಬಹುದಿತ್ತು. ಕ್ರೋಮ್ ಆ ಹಳೆಯ ಪ್ಲಗಿನ್ ಪದ್ಧತಿಯನ್ನು 2015ರಲ್ಲಿ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲ್ಯಾಶ್ ಒಂದನ್ನು ಉಳಿಸಿ ಬೇರೆಲ್ಲ ತೆಗೆಯಿತು. ಫ್ಲ್ಯಾಶ್ ಕೂಡ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗಿನ ಎಕ್ಸ್‌ಟೆನ್ಷನ್‌ಗೆ ನಮ್ಮ ಫೈಲ್‌ಗಿಂತ ನಮ್ಮ ಪುಟಗಳೇ ಹತ್ತಿರ.

ಫೈರ್‌ಜೈಲ್ ಅನ್ನುವ ಲಿನಕ್ಸ್ ತಂತ್ರಾಂಶ ಕೂಡ ಗೋಡೆಯೇ. ಫ್ಲಾಟ್‌ಪ್ಯಾಕ್‌ಗಿಂತ ಹಗುರ. ಮಿಂಟ್‌ನಲ್ಲಿ ಮೊದಲೇ ಇರುವ ಫೈರ್‌ಫಾಕ್ಸನ್ನೇ ಅದರೊಳಗೆ ಓಡಿಸಬಹುದು, ಮತ್ತೆ ಇಳಿಸಬೇಕಿಲ್ಲ. ಅದರ ಪ್ರೈವೇಟ್ ಆಯ್ಕೆ ನನಗೆ ತುಂಬಾ ಹಿಡಿಸಿತು. ಬ್ರೌಸರ್ ಖಾಲಿ ಮನೆಯಲ್ಲಿ ತೆರೆಯುತ್ತದೆ, ಮುಚ್ಚಿದರೆ ಎಲ್ಲ ಅಳಿಸಿಹೋಗುತ್ತದೆ. 4 ಜಿಬಿ ಕಂಪ್ಯೂಟರ್‌ನಲ್ಲೂ ಸಲೀಸಾಗಿ ಓಡಿತು. ಆದರೆ ಒಬ್ಬ ಹುಡುಗ ಅರ್ಧ ತುಂಬಿದ ಅರ್ಜಿಯ ಪಿಡಿಎಫ್ ಡೌನ್‌ಲೋಡ್ ಮಾಡಿ ಬ್ರೌಸರ್ ಮುಚ್ಚಿದ. ಫೈಲ್ ಹೋಯಿತು. ಪಾಪ, ಮತ್ತೆ ಒಂದು ತಾಸು ಕೂತ. ಅಂಗಡಿಯಲ್ಲಿ ಇದು ನಡೆಯುವುದಿಲ್ಲ. ಇನ್ನೊಂದು ಮಾತು: ಫೈರ್‌ಜೈಲ್ ಶುರುವಾಗುವುದೇ ರೂಟ್ ಅಧಿಕಾರದಲ್ಲಿ, ಅಂದರೆ ಇಡೀ ಕಂಪ್ಯೂಟರ್ ಮೇಲಿನ ಅಧಿಕಾರದಲ್ಲಿ. ಅದರಲ್ಲೇ ದೋಷ ಸಿಕ್ಕರೆ ಪೆಟ್ಟು ದೊಡ್ಡದು. ಅಂಥ ದೋಷಗಳು ಸಿಕ್ಕು ಸರಿಯಾಗಿರುವುದೂ ಉಂಟು, ಹಾಗಾಗಿ ಬಳಸುವವರು ಅಪ್‌ಡೇಟ್ ತಪ್ಪಿಸಬಾರದು. ಕೆಂಪು ಪಟ್ಟಿ? ಇಲ್ಲೂ ಬಂತು.

ಫೈರ್‌ಫಾಕ್ಸ್‌ನ ಕಂಟೇನರ್ ಟ್ಯಾಬ್ ಬಗ್ಗೆ ತುಂಬಾ ಜನರಿಗೆ ತಪ್ಪು ತಿಳಿವಳಿಕೆ ಇದೆ, ನನಗೂ ಇತ್ತು. ಬ್ಯಾಂಕಿಗೆ ಒಂದು ಬಣ್ಣ, ಕೆಲಸಕ್ಕೆ ಒಂದು ಬಣ್ಣ ಅಂತ ಟ್ಯಾಬ್ ಬೇರೆ ಮಾಡಿದರೆ ಎಲ್ಲ ಬೇರೆಯಾಯಿತು ಅಂದುಕೊಂಡಿದ್ದೆ. ಬೇರೆಯಾಗುವುದು ಕುಕಿ (ಜಾಲತಾಣ ನಮ್ಮ ಗುರುತಿಗೆ ಬ್ರೌಸರ್‌ನಲ್ಲಿ ಇಡುವ ಚೀಟಿ) ಮತ್ತು ಲಾಗಿನ್. ಎಕ್ಸ್‌ಟೆನ್ಷನ್ ಎಲ್ಲ ಬಣ್ಣದ ಟ್ಯಾಬ್‌ನಲ್ಲೂ ಇರುತ್ತದೆ. ಎಲ್ಲದರಲ್ಲೂ ಪಟ್ಟಿ ಬಂತು. ಈ ಕೆಲಸಕ್ಕೆ ಇದು ಬೇಡ.

ಇನ್ನು ಪ್ರೊಫೈಲ್. ಪುಕ್ಕಟೆ, ಏನೂ ಇಳಿಸಬೇಕಿಲ್ಲ, ಐದು ನಿಮಿಷದ ಕೆಲಸ. ಕ್ರೋಮ್‌ನಲ್ಲಿ ಮೇಲ್ಗಡೆ ಇರುವ ನಮ್ಮ ಚಿತ್ರ ಒತ್ತಿದರೆ ಹೊಸ ಪ್ರೊಫೈಲ್ ಮಾಡಬಹುದು. ಫೈರ್‌ಫಾಕ್ಸ್‌ನಲ್ಲೂ ಪ್ರೊಫೈಲ್‌ಗಳ ಪುಟ ಇದೆ. ಪ್ರತಿ ಪ್ರೊಫೈಲ್‌ಗೆ ಅದರದ್ದೇ ಎಕ್ಸ್‌ಟೆನ್ಷನ್, ಅದರದ್ದೇ ಕುಕಿ, ಅದರದ್ದೇ ಪಾಸ್‌ವರ್ಡ್. ನಾನು ಎರಡು ಮಾಡಿದೆ. 'ಬರೀ ಅರ್ಜಿ' ಅಂತ ಒಂದು, ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಇಲ್ಲ. 'ಫೋಟೊ ಕೆಲಸ' ಅಂತ ಇನ್ನೊಂದು, ಅದರಲ್ಲಿ ಎಕ್ಸ್‌ಟೆನ್ಷನ್ ಉಂಟು, ಲಾಗಿನ್ ಒಂದೂ ಇಲ್ಲ. ಎರಡಕ್ಕೂ ಬೇರೆ ಬೇರೆ ಬಣ್ಣದ ಥೀಮ್ ಕೊಟ್ಟೆ, ದೂರದಿಂದಲೇ ಗೊತ್ತಾಗಲಿ ಅಂತ. 'ಫೋಟೊ ಕೆಲಸ'ದಲ್ಲಿ ನನ್ನ ಎಕ್ಸ್‌ಟೆನ್ಷನ್ ಹಾಕಿ, 'ಬರೀ ಅರ್ಜಿ'ಯಲ್ಲಿ ಲಾಗಿನ್ ಆದೆ. ಪಟ್ಟಿ ಬರಲಿಲ್ಲ. ಎರಡು ತಿಂಗಳಲ್ಲಿ ಈ ಪರೀಕ್ಷೆ ಸರಿಯಾಗಿ ಪಾಸಾದದ್ದು ಅದೇ ಮೊದಲು. ಹೋಮ್ ಫೋಲ್ಡರ್ ಮಾತ್ರ ಇಲ್ಲಿ ಪೂರ್ತಿ ಬಯಲು.

ಪ್ರೊಫೈಲ್ ಬೇರೆ ಮಾಡುವುದೂ ಕಷ್ಟ ಅನ್ನುವವರಿಗೆ ಕ್ರೋಮ್‌ನಲ್ಲಿ ಇನ್ನೊಂದು ಸುಲಭದ ಗುಂಡಿ ಇದೆ. ಪ್ರತಿ ಎಕ್ಸ್‌ಟೆನ್ಷನ್‌ನ ವಿವರದಲ್ಲಿ ಜಾಲತಾಣಗಳ ಅನುಮತಿಯನ್ನು 'ಒತ್ತಿದಾಗ ಮಾತ್ರ' ಅಂತ ಇಡಬಹುದು. 2018ರಿಂದ ಇದೆ, ಆದರೂ ನನ್ನ ಗಿರಾಕಿಗಳಲ್ಲಿ ಒಬ್ಬರೂ ಇದನ್ನು ನೋಡಿರಲಿಲ್ಲ. ಹಾಗೆ ಇಟ್ಟಾಗ ಕೆಂಪು ಪಟ್ಟಿ ತಾನಾಗಿ ಬರಲಿಲ್ಲ, ಐಕಾನ್ ಒತ್ತಿದ ಮೇಲೆ ಆ ಒಂದು ಪುಟಕ್ಕೆ ಬಂತು. ಸ್ಕ್ರೀನ್‌ಶಾಟ್‌ನಂಥ ಕೆಲಸಕ್ಕೆ ಇಷ್ಟು ಸಾಕಲ್ವಾ? ಹಾಲ್ ಟಿಕೆಟ್ ದಿನ ಹೀಗೆ ಇಟ್ಟಿದ್ದರೆ ಹಸಿರು ಬಟನ್ ಬರುತ್ತಿರಲಿಲ್ಲ.

ಕನ್ನಡ ಟೈಪಿಂಗ್ ಎಕ್ಸ್‌ಟೆನ್ಷನ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಯಾರೇ ಮಾಡಿರಲಿ, ಟೈಪಿಂಗ್ ಎಕ್ಸ್‌ಟೆನ್ಷನ್ ನಾವು ಒತ್ತುವ ಪ್ರತಿ ಅಕ್ಷರವನ್ನೂ ನೋಡಲೇಬೇಕು, ಇಲ್ಲದಿದ್ದರೆ ಅದು ಕೆಲಸವೇ ಮಾಡದು. ಲಿನಕ್ಸ್‌ನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿಸ್ಟಮ್‌ನ ಕೀಬೋರ್ಡ್ ಪಟ್ಟಿಯಲ್ಲೇ ಸಿಗುತ್ತದೆ. ವಿಂಡೋಸ್‌ನಲ್ಲೂ ಕನ್ನಡ ಕೀಬೋರ್ಡ್ ಜೊತೆಗೇ ಬರುತ್ತದೆ. ಅದನ್ನು ಬಳಸಿ, ಎಕ್ಸ್‌ಟೆನ್ಷನ್ ತೆಗೆಯಿರಿ.

ವರ್ಚುವಲ್ ಮಷಿನ್ (ವಿಎಂ) ಎಲ್ಲಕ್ಕಿಂತ ಗಟ್ಟಿ ಗೋಡೆ, ಅದರಲ್ಲಿ ಎರಡು ಮಾತಿಲ್ಲ. ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ. ವರ್ಚುವಲ್‌ಬಾಕ್ಸ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಕೆಟ್ಟಾಗ ಹಿಂದಿನ ಸ್ಥಿತಿಗೆ ವಾಪಸ್ ಹೋಗಬಹುದು. ಒಳಗಿನ ಎಕ್ಸ್‌ಟೆನ್ಷನ್‌ಗೆ ಹೊರಗಿನ ಬ್ರೌಸರೂ ಕಾಣದು, ಫೈಲೂ ಕಾಣದು. ಆದರೆ 4 ಜಿಬಿ ಕಂಪ್ಯೂಟರ್‌ನಲ್ಲಿ ಹಾಕಿದೆ, ಮೌಸ್ ಕೂಡ ಎಳೆದ ಹಾಗೆ ಆಯಿತು. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಹಳೆಯ ರ‍್ಯಾಮ್ ತಂದು 8 ಜಿಬಿ ಮಾಡಿದ ಮೇಲೆ ಪರವಾಗಿಲ್ಲ ಅನ್ನಿಸಿತು. ಅರ್ಜಿಯ ಕೊನೆಯ ದಿನ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿರುವಾಗ ಫೋಟೊ ಒಂದನ್ನು ಒಳಗೆ ಹಾಕಿ, ಹೊರಗೆ ತೆಗೆದು ಮಾಡುತ್ತಾ ಕೂರಲು ಆಗುವುದಿಲ್ಲ.

ಆದರೂ ವಿಎಂ ಒಂದು ಕೆಲಸಕ್ಕೆ ಬಂತು. ಕಲಘಟಗಿ ಕಡೆಯ ಮೇಷ್ಟ್ರೊಬ್ಬರು ಹಳೆಯ ವಿಜ್ಞಾನ ಪಾಠಗಳ ಸಿಡಿ ತಂದರು, ಎಲ್ಲ ಫ್ಲ್ಯಾಶ್‌ನಲ್ಲಿ ಮಾಡಿದ್ದು. "ಹೃದಯ ಬಡಿಯೋದು ಇದರಾಗ ಭಾಳ ಚಂದ ತೋರಿಸ್ಯಾರ, ಹುಡುಗರಿಗೆ ಇದೇ ಬೇಕು" ಅಂದರು. ರಫಲ್ ಅನ್ನುವ ಫ್ಲ್ಯಾಶ್ ಎಮ್ಯುಲೇಟರ್ ಇದೆ, ಹಳೆಯ ಪ್ಲಗಿನ್ ಬೇಕಿಲ್ಲ. ಹೆಚ್ಚಿನ ಪಾಠ ಅದರಲ್ಲೇ ಓಡಿದವು. ಓಡದೇ ಉಳಿದ ಎರಡಕ್ಕೆ ಮಾತ್ರ ಹಳೆಯ ಫ್ಲ್ಯಾಶ್ ಇರುವ ವಿಎಂ ಮಾಡಿ, ಅದರ ಇಂಟರ್‌ನೆಟ್ ಪೂರ್ತಿ ಕಿತ್ತು ಕೊಟ್ಟೆ. ಹಳೆಯ ಫ್ಲ್ಯಾಶ್ ಬೇಕೇ ಬೇಕು ಅನ್ನುವವರು ಇದಕ್ಕಿಂತ ಕಡಿಮೆ ಬೇಲಿಯಲ್ಲಿ ಓಡಿಸಬೇಡಿ.

ವಿಂಡೋಸ್ ಸ್ಯಾಂಡ್‌ಬಾಕ್ಸ್ ಕೂಡ ಇದೇ ಜಾತಿಯದು. 2019ರಲ್ಲಿ ಬಂತು. ವಿಂಡೋಸ್ ಪ್ರೊದಲ್ಲಿ ಸಿಗುತ್ತದೆ, ಹೋಮ್‌ನಲ್ಲಿ ಇಲ್ಲ. ಮುಚ್ಚಿದರೆ ಎಲ್ಲ ಅಳಿಯುತ್ತದೆ. ಹೊಸ ಎಕ್ಸ್‌ಟೆನ್ಷನ್ ಒಮ್ಮೆ ಹಾಕಿ ಅದರ ನಡತೆ ನೋಡಲು ಒಳ್ಳೆಯದು, ದಿನದ ಕೆಲಸಕ್ಕಲ್ಲ. ಟೆಂಡರ್ ಹಾಕುವ ಗುತ್ತಿಗೆದಾರರ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಅದರೊಳಗೆ ನನಗೆ ಕಾಣಲೇ ಇಲ್ಲ. ಆ ಕೆಲಸಕ್ಕೆ ವಿಂಡೋಸ್‌ನಲ್ಲೇ ಬೇರೆ ಯೂಸರ್ ಖಾತೆ ಮಾಡಿದ್ದೇನೆ, ಅದರ ಬ್ರೌಸರ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕುವುದೇ ಇಲ್ಲ.

ಈಗ ಅಂಗಡಿಯಲ್ಲಿ ನಡೆಯುತ್ತಿರುವುದು ಹೀಗೆ. ನನ್ನ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಫ್ಲಾಟ್‌ಪ್ಯಾಕ್ ಫೈರ್‌ಫಾಕ್ಸ್, ಅದರೊಳಗೆ ಎರಡು ಪ್ರೊಫೈಲ್. ಗೋಡೆಯಿಂದ ಸ್ಕ್ಯಾನ್ ಫೋಲ್ಡರ್ ಉಳಿಯಿತು, ಪ್ರೊಫೈಲ್‌ನಿಂದ ಲಾಗಿನ್ ಉಳಿಯಿತು. ಒಂದನ್ನೇ ಆರಿಸಿ ಅಂದರೆ ನಾನು ಪ್ರೊಫೈಲ್ ಆರಿಸುತ್ತೇನೆ. ಗಿರಾಕಿಗಳು ಕೂರುವ ಎರಡರಲ್ಲಿ ಮಿಂಟ್‌ನ ಗೆಸ್ಟ್ ಸೆಷನ್ ಆನ್ ಮಾಡಿದ್ದೇನೆ. ಲಾಗ್‌ಔಟ್ ಆದರೆ ಅವರ ಲಾಗಿನ್, ಫೈಲ್ ಎಲ್ಲ ಹೋಗುತ್ತದೆ. ಏಳುವ ಮುಂಚೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ ಅಂತ ಮಾನಿಟರ್ ಮೇಲೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದ್ದೇನೆ.

ಹನ್ನೊಂದು ಎಕ್ಸ್‌ಟೆನ್ಷನ್ ಇದ್ದದ್ದು ಮೂರಕ್ಕೆ ಇಳಿದಿತ್ತು. ತಿಂಗಳ ಮೊದಲ ಸೋಮವಾರ ಬಾಗಿಲು ತೆರೆಯುವ ಮುಂಚೆ ಉಳಿದವುಗಳ ಅನುಮತಿ ಪಟ್ಟಿ ತೆಗೆದು, ಹೋದ ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದರ ಜೊತೆ ಹೋಲಿಸಿ ನೋಡುತ್ತೇನೆ. ಹೋದ ತಿಂಗಳು ಅವುಗಳಲ್ಲೊಂದು ಹೊಸ ಅನುಮತಿ ಕೇಳಿತು, ಕೊಡಲಿಲ್ಲ. ಅದನ್ನು ತೆಗೆದೆ, ಈಗ ಎರಡು.